ಸಯಾಮ್ ದೇಶದ ನ್ಯಾಯಸುಧಾರಣೆ: ಕೌಲಿನಿಂದ ಸಂಹಿತೆಯವರೆಗೆ

ಏಷ್ಯಾ ಖಂಡದ ಸ್ವತಂತ್ರ ರಾಜ್ಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ನಡೆದ ನ್ಯಾಯಸುಧಾರಣೆಗಳ ಚರಿತ್ರೆಯನ್ನು ನಿರೂಪಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾರ್ಗವನ್ನು ಹಿಡಿಯುವುದುಂಟು. ಪ್ರಾಜ್ಞರಾದ ಅರಸರು ಪಾಶ್ಚಾತ್ಯ ವಿದ್ಯೆಯ ಬೆಳಕಿನಲ್ಲಿ ತಮ್ಮ ಹಳೆಯ ಕಟ್ಟಳೆಗಳ ದೋಷವನ್ನು ಕಂಡು ತಾವಾಗಿಯೇ ತಿದ್ದಿಕೊಂಡರೆಂಬುದು ಒಂದು ಮಾರ್ಗ. ಫಿರಂಗಿ ಹೂಡಿದ ಹಡಗುಗಳ ಭಯಕ್ಕೆ ಅಂಜಿ ಪರಕೀಯರ ಕಾನೂನನ್ನು ನಕಲು ಮಾಡಿಕೊಂಡರೆಂಬುದು ಇನ್ನೊಂದು. ಇಂದು ಥೈಲೆಂಡ್ ಎಂದು ಕರೆಯಲ್ಪಡುವ ಸಯಾಮ್ ದೇಶದ ವಿಷಯದಲ್ಲಿ ಈ ಎರಡೂ ಮಾತುಗಳು ಅರ್ಧ ಸತ್ಯಗಳಾಗಿವೆ. ಆ ದೇಶವು ೧೮೫೫ರಲ್ಲಿ ತನ್ನ ನ್ಯಾಯಾಧಿಕಾರದ ಒಂದು ಭಾಗವನ್ನು ಕೌಲಿನ ಮೂಲಕ ಬಿಟ್ಟುಕೊಟ್ಟು, ೧೯೩೭-೩೮ರಲ್ಲಿ ಪೂರ್ಣವಾಗಿ ಹಿಂದಕ್ಕೆ ಪಡೆಯಿತು. ನಡುವಣ ಎಂಬತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಅಲ್ಲಿ ರಚಿತವಾದ ನ್ಯಾಯಸ್ಥಾನಗಳೂ ಸಂಹಿತೆಗಳೂ ಯಾರ ಕಣ್ಣಿಗೆ ಕಾಣಲೆಂದು ರಚಿತವಾದುವು, ಯಾರ ಕೈಗೆ ಬಲ ಕೊಟ್ಟುವು, ಯಾರಿಂದ ಏನನ್ನು ಕಿತ್ತುಕೊಂಡುವು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಳೆಯ ವ್ಯವಸ್ಥೆಯನ್ನು ಅರಿತುಕೊಳ್ಳುವುದು ಅವಶ್ಯಕ. ಸಯಾಮಿನ ಪ್ರಾಚೀನ ನ್ಯಾಯಗ್ರಂಥಕ್ಕೆ 'ಥಮ್ಮಸಾತ್' ಎಂದು ಹೆಸರು. ನಮ್ಮ ಧರ್ಮಶಾಸ್ತ್ರವೆಂಬ ಶಬ್ದವೇ ಪಾಳಿ ಮತ್ತು ಮೋನ್ ಭಾಷೆಗಳ ಮೂಲಕ ಹಾದು ಈ ರೂಪವನ್ನು ತಾಳಿದೆ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಪರಂಪರೆಗೂ ಇದಕ್ಕೂ ಮೂಲದಲ್ಲಿ ನಂಟುಂಟು; ಆದರೆ ಸಯಾಮಿನಲ್ಲಿ ಅದು ಬೌದ್ಧವೇಷವನ್ನು ಧರಿಸಿತು. ಮನೋಸಾರನೆಂಬ ಋಷಿಯು ಲೋಕದ ಅಂಚಿನಲ್ಲಿರುವ ಚಕ್ರವಾಳದ ಗೋಡೆಯವರೆಗೆ ಹೋಗಿ, ಅಲ್ಲಿ ಬರೆದಿದ್ದ ಧರ್ಮವನ್ನು ಓದಿಕೊಂಡು ಬಂದು ಅರಸನಿಗೆ ತಿಳಿಸಿದನೆಂಬುದು ಅದರ ಐತಿಹ್ಯ. ಈ ಕಥೆಯ ಇಂಗಿತವು ಗಮನಾರ್ಹವಾಗಿದೆ. ಧರ್ಮವನ್ನು ಅರಸನು ನಿರ್ಮಿಸುವುದಿಲ್ಲ. ಅದು ಮೊದಲೇ ಇದೆ. ಅವನು ಅದನ್ನು ಕಾಪಾಡಿ ನಡೆಯಿಸತಕ್ಕವನು. ಅರಸನ ತೀರ್ಪುಗಳು 'ರಾಜಸಾತ್' ಎಂಬ ಬೇರೆ ವರ್ಗಕ್ಕೆ ಸೇರಿದುವು.

೧೮೦೪ರಲ್ಲಿ ಬ್ಯಾಂಕಾಕಿನಲ್ಲಿ ಒಂದು ವ್ಯಾಜ್ಯ ಹುಟ್ಟಿತು. ರಾಜಸೇವೆಯಲ್ಲಿದ್ದ ಬುನ್‌ಸಿ ಎಂಬ ಕಮ್ಮಾರನ ಹೆಂಡತಿ ಪೋಮ್ ಎಂಬವಳು ವಿವಾಹವಿಚ್ಛೇದನವನ್ನು ಬೇಡಿದಳು. ಅವಳು ವ್ಯಭಿಚಾರಿಣಿಯೆಂದೂ ತನ್ನಲ್ಲಿ ಯಾವ ತಪ್ಪೂ ಇಲ್ಲವೆಂದೂ ಗಂಡನು ವಾದಿಸಿದನು. ಗಂಡನಲ್ಲಿ ತಪ್ಪಿಲ್ಲದಿದ್ದರೂ ಹೆಂಡತಿ ಬಯಸಿದರೆ ಬಿಡುಗಡೆಯನ್ನು ಕೊಡಬೇಕೆಂದು ಗ್ರಂಥದಲ್ಲಿದ್ದುದರಿಂದ ನ್ಯಾಯಾಧಿಪತಿಯು ಅವಳ ಪರವಾಗಿ ತೀರ್ಪನ್ನಿತ್ತನು. ಕಮ್ಮಾರನು ಮೊದಲನೆಯ ರಾಮ ಮಹಾರಾಜನಿಗೆ ಬಿನ್ನವಿಸಿಕೊಂಡನು. ಅರಸನು ಬೇರೆ ಬೇರೆ ಭಂಡಾರಗಳಲ್ಲಿದ್ದ ಮೂರು ಪ್ರತಿಗಳನ್ನು ತರಿಸಿ ಹೋಲಿಸಿದಾಗ ಮೂರರಲ್ಲಿಯೂ ಅದೇ ಪಾಠವಿದ್ದಿತು. ಪಾಠವು ಒಂದೇ ಆಗಿದ್ದರೂ ನ್ಯಾಯವು ಹೀಗಿರಲಾರದು. ಆದುದರಿಂದ ಗ್ರಂಥವೇ ಕೆಟ್ಟಿರಬೇಕೆಂದು ಅರಸನು ನಿರ್ಣಯಿಸಿದನು. ೧೭೮೮ರಲ್ಲಿ ತ್ರಿಪಿಟಕವನ್ನು ಪರಿಶೋಧಿಸಿದಂತೆ ಧರ್ಮಶಾಸ್ತ್ರವನ್ನೂ ಪರಿಶೋಧಿಸಬೇಕೆಂದು ಲಿಪಿಕಾರರು, ನ್ಯಾಯವಿದರು, ರಾಜಪಂಡಿತರು ಸೇರಿ ಹನ್ನೊಂದು ಮಂದಿಯ ಮಂಡಲಿಯನ್ನು ನೇಮಿಸಿದನು. ೧೮೦೫ರಲ್ಲಿ ಸಿದ್ಧವಾದ ಆ ಗ್ರಂಥಕ್ಕೆ ಸಿಂಹ, ಗಜಸಿಂಹ ಮತ್ತು ಕಮಲದ ಮೂರು ಮುದ್ರೆಗಳನ್ನೊತ್ತಿದುದರಿಂದ ಅದಕ್ಕೆ 'ತ್ರಿಮುದ್ರಾ ಶಾಸನ'ವೆಂದು ಪ್ರಸಿದ್ಧಿಯಾಯಿತು. ಅರಸನು ತಾನು ಕಾನೂನನ್ನು ಬದಲಾಯಿಸುತ್ತಿದ್ದೇನೆಂದು ಎಲ್ಲಿಯೂ ಹೇಳಲಿಲ್ಲ, ಶುದ್ಧೀಕರಿಸುತ್ತಿದ್ದೇನೆಂದೇ ಹೇಳಿದನು. ಪೋಮಳಂತಹ ಹೆಂಗಸರ ಹಕ್ಕು ಮಾತ್ರ ಆ ಶುದ್ಧೀಕರಣದಲ್ಲಿ ಕುಗ್ಗಿತು. ಸಂಹಿತೆಯೊಂದು ಸಿದ್ಧವಾದಾಗ ಯಾರು ಸೋತರೆಂದು ಕೇಳುವ ಅಭ್ಯಾಸವನ್ನು ಈ ಮೊದಲ ಉದಾಹರಣೆಯಿಂದಲೇ ನಾವು ಬೆಳೆಸಿಕೊಳ್ಳಬಹುದು.

ನ್ಯಾಯಸ್ಥಾನಗಳ ಏರ್ಪಾಡು ಜಟಿಲವಾಗಿದ್ದಿತು. ಪ್ರತಿಯೊಂದು ರಾಜ್ಯಶಾಖೆಗೂ ತನ್ನದೇ ನ್ಯಾಯಸ್ಥಾನವಿದ್ದಿತು. ಫಿರ್ಯಾದನ್ನು ಒಬ್ಬನು ತೆಗೆದುಕೊಳ್ಳುವನು. ಸಾಕ್ಷ್ಯವನ್ನು ಇನ್ನೊಬ್ಬನು ವಿಚಾರಿಸುವನು. 'ಲೂಕ್ ಖುನ್' ಎಂಬ ಶಾಸ್ತ್ರಜ್ಞರ ಮಂಡಲಿಯು ಯಾರದು ತಪ್ಪೆಂದು ನಿರ್ಣಯಿಸುವುದು. ದಂಡವೆಷ್ಟೆಂದು ಮತ್ತೊಬ್ಬ ಅಧಿಕಾರಿಯು ಹೇಳುವನು. ಒಬ್ಬನೇ ಎಲ್ಲವನ್ನೂ ಕೈಯಲ್ಲಿ ಹಿಡಿಯಬಾರದೆಂಬ ವಿವೇಕ ಇದರಲ್ಲಿದ್ದರೂ ಇರಬಹುದು. ಆದರೆ ನಡೆಗಾಲದಲ್ಲಿ ಶುಲ್ಕ ಮತ್ತು ದಂಡದ ಹಣವೇ ಅಧಿಕಾರಿಗಳ ಜೀವನಾಧಾರವಾಗಿದ್ದುದರಿಂದ, ಕೈಗಳು ಹೆಚ್ಚಿದಷ್ಟೂ ವ್ಯಾಜ್ಯಗಾರನ ವೆಚ್ಚವೂ ಹೆಚ್ಚುತ್ತಿದ್ದಿತು. ಪ್ರಾಂತಗಳಲ್ಲಿ ಅಧಿಪತಿಗಳೇ ನ್ಯಾಯಾಧಿಪತಿಗಳು. ಅವರು ಊರನ್ನು ಆಳುತ್ತಾರೆನ್ನುವುದಕ್ಕೆ ಸಯಾಮಿ ಭಾಷೆಯಲ್ಲಿ 'ಊರನ್ನುಣ್ಣುತ್ತಾರೆ' ಎಂಬ ನುಡಿಗಟ್ಟೇ ಇದ್ದಿತು. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ.

ಇಂತಹ ವ್ಯವಸ್ಥೆಯೊಳಗೂ ಪರಕೀಯರ ಪ್ರೇರಣೆಯಿಲ್ಲದೆ ತಿದ್ದುಪಾಟುಗಳು ಆಗುತ್ತಿದ್ದುವೆಂಬುದನ್ನು ಮರೆಯಬಾರದು. ೧೮೬೫ರಲ್ಲಿ ಮುವಾನ್ ಎಂಬ ಸಾಮಾನ್ಯ ಹುಡುಗಿಯು, ತಂದೆತಾಯಿಗಳು ತನ್ನನ್ನು ಒಲ್ಲದ ಗಂಡಿಗೆ ಬಲವಂತವಾಗಿ ಒಪ್ಪಿಸಿದುದಾಗಿಯೂ ತಾನು ಬಯಸಿದವನೊಡನೆ ಬಾಳಲು ಅವಕಾಶ ಬೇಕೆಂದೂ ಮೊಂಗ್‌ಕುಟ್ ಮಹಾರಾಜನಿಗೆ ಅರ್ಜಿ ಕೊಟ್ಟಳು. ಪ್ರಾಪ್ತವಯಸ್ಕಳಾದ ಹೆಂಗಸು ತನ್ನ ಗಂಡನನ್ನು ತಾನೇ ಆರಿಸಿಕೊಳ್ಳಬಹುದೆಂದೂ, ತಂದೆತಾಯಿಗಳು ಮಕ್ಕಳನ್ನು ದನಕರುಗಳಂತೆ ಮಾರತಕ್ಕದ್ದಲ್ಲವೆಂದೂ ಅರಸನು ವಿಧಿಸಿದನು. ಉನ್ನತ ಕುಲದವರಿಗೆ ಇದು ಅನ್ವಯಿಸದಂತೆ ಎಚ್ಚರವಹಿಸಿದನೆಂಬುದೂ ನಿಜವೇ. ಆದರೂ ಒಬ್ಬ ಹುಡುಗಿಯ ಅರ್ಜಿಯಿಂದ ಹುಟ್ಟಿದ ಈ ಶಾಸನದ ಗೊಡವೆ ಯಾವ ವಿದೇಶೀ ಕಾನ್ಸಲನಿಗೂ ಇರಲಿಲ್ಲ. ಮುಂದಣ ಎಪ್ಪತ್ತು ವರ್ಷಗಳ ಸುಧಾರಣೆಯೆಲ್ಲವೂ ಬೇರೊಂದು ದಿಕ್ಕಿನಿಂದ ಬಂದಿತು.

ಆ ದಿಕ್ಕನ್ನು ತೆರೆದದ್ದು ೧೮೫೫ನೆಯ ಇಸವಿ ಏಪ್ರಿಲ್ ೧೮ರಂದು ಬ್ಯಾಂಕಾಕಿನಲ್ಲಿ ಸಹಿಯಾದ ಆಂಗ್ಲೋ-ಸಯಾಮಿ ಕೌಲು. ಬ್ರಿಟನ್ನಿನ ಪರವಾಗಿ ಅದನ್ನು ನಡೆಯಿಸಿದವನು ಹಾಂಗ್‌ಕಾಂಗಿನ ಗವರ್ನರ್ ಸರ್ ಜಾನ್ ಬೌರಿಂಗ್. ಆಮದಿನ ಮೇಲೆ ನೂರಕ್ಕೆ ಮೂರರಂತೆ ಮಾತ್ರ ಸುಂಕ, ಮುಕ್ತ ವ್ಯಾಪಾರ, ಬ್ಯಾಂಕಾಕಿನಲ್ಲಿ ಕಾನ್ಸಲನ ನೇಮಕ ಇವು ಅದರ ಮುಖ್ಯ ಷರತ್ತುಗಳು. ಬ್ರಿಟಿಷ್ ಪ್ರಜೆಗಳ ಮೇಲಣ ನ್ಯಾಯಾಧಿಕಾರವು ಸಯಾಮಿನ ನ್ಯಾಯಸ್ಥಾನಗಳಿಗೆ ಸೇರದೆ ಆ ಕಾನ್ಸಲನಿಗೆ ಸೇರತಕ್ಕದ್ದೆಂದು ಗೊತ್ತಾಯಿತು. ಮರುವರ್ಷವೇ ಅಮೆರಿಕವೂ ಫ್ರಾನ್ಸೂ ಇದೇ ಬಗೆಯ ಕೌಲುಗಳನ್ನು ಪಡೆದುವು. ಇತರ ಐರೋಪ್ಯ ರಾಷ್ಟ್ರಗಳು ಒಂದೊಂದಾಗಿ ಹಿಂಬಾಲಿಸಿದುವು. ಸಯಾಮಿನ ದಂಡನೆಗಳು ಕ್ರೂರ, ನ್ಯಾಯಸ್ಥಾನಗಳು ಅವ್ಯವಸ್ಥಿತ, ಲಿಖಿತ ಸಂಹಿತೆಗಳಿಲ್ಲ ಎಂಬುದು ಇದಕ್ಕೆ ಕೊಟ್ಟ ಕಾರಣ.

ಬೌರಿಂಗನ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದು, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ಲೆವಿನ್ ಬೆಂಥಮ್ ಬೌರಿಂಗನು ಈ ಸರ್ ಜಾನ್ ಬೌರಿಂಗನ ಮಗ. ಮಗನ ಹೆಸರಿನ ನಡುವಣ 'ಬೆಂಥಮ್' ಎಂಬ ಶಬ್ದವು ಆಕಸ್ಮಿಕವಲ್ಲ. ತಂದೆಯು ಜೆರೆಮಿ ಬೆಂಥಮನ ಪರಮ ಶಿಷ್ಯ; ಗುರುವಿನ ಗ್ರಂಥಸಮಗ್ರವನ್ನು ಸಂಪಾದಿಸಿದವನು. ಸಮಸ್ತ ನ್ಯಾಯವನ್ನೂ ಸ್ಪಷ್ಟವಾದ ಲಿಖಿತ ಸಂಹಿತೆಗಳಲ್ಲಿ ಅಳವಡಿಸಬೇಕೆಂದು ಜೀವಮಾನವೆಲ್ಲ ವಾದಿಸಿದವನು ಬೆಂಥಮನು. ಅವನ ಶಿಷ್ಯನು ಮಾಡಿದ ಕೌಲಿನಿಂದ ಕಳೆದುಹೋದ ನ್ಯಾಯಾಧಿಕಾರವನ್ನು ಮರಳಿ ಪಡೆಯಬೇಕಾದರೆ ಸಂಹಿತೆಗಳನ್ನು ಬರೆದು ತೋರಿಸಬೇಕೆಂಬ ಷರತ್ತು ತರುವಾಯ ಸಯಾಮಿಗೆ ಒದಗಿತು. ಇದನ್ನು ಬೆಂಥಮನು ಹೇಗೆ ಭಾವಿಸುತ್ತಿದ್ದನೋ! ಮೈಸೂರಿನ ಸ್ಥಿತಿಯೂ ಈ ದೃಷ್ಟಿಯಿಂದ ಹೋಲಿಸತಕ್ಕದ್ದಾಗಿದೆ. ೧೮೮೧ರಲ್ಲಿ ಸಂಸ್ಥಾನವನ್ನು ಮಹಾರಾಜರಿಗೆ ಹಿಂದಿರುಗಿಸಿದಾಗಲೂ ಐರೋಪ್ಯ ಬ್ರಿಟಿಷ್ ಪ್ರಜೆಗಳ ಮೇಲಣ ಕ್ರಿಮಿನಲ್ ಅಧಿಕಾರವನ್ನು ಗವರ್ನರ್-ಜನರಲನು ತನ್ನಲ್ಲಿಯೇ ಇಟ್ಟುಕೊಂಡನು. ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಅವನ ಸಮ್ಮತಿಯಿಲ್ಲದೆ ತಿದ್ದುವಂತಿರಲಿಲ್ಲ. ಬೆಂಗಳೂರಿನ ದಂಡುಪ್ರದೇಶವು ೧೯೪೭ರಲ್ಲಿ ಮಾತ್ರ ಮೈಸೂರಿಗೆ ಮರಳಿತು. ಪರತಂತ್ರ ಸಂಸ್ಥಾನಕ್ಕೂ ಸ್ವತಂತ್ರ ರಾಜ್ಯಕ್ಕೂ ಈ ಒಂದು ವಿಷಯದಲ್ಲಿ ಅಂತರವು ನಾವೆಣಿಸುವುದಕ್ಕಿಂತ ಕಡಮೆಯಿದ್ದಿತು.

ಕೌಲಿಗೆ ಸಹಿ ಹಾಕಿದಾಗ ಸಯಾಮಿನ ಮಂತ್ರಿಗಳ ಕಣ್ಣ ಮುಂದೆ ಇದ್ದವರು ಬೆರಳೆಣಿಕೆಯ ಬಿಳಿಯ ವ್ಯಾಪಾರಿಗಳು. ನಿಜವಾದ ತೊಡಕು ಒದಗಿದುದು ಅವರಿಂದಲ್ಲ. ಬ್ರಿಟಿಷ್ ಸಾಮ್ರಾಜ್ಯವು ಬರ್ಮದಲ್ಲಿಯೂ ಮಲಯದಲ್ಲಿಯೂ, ಫ್ರೆಂಚ್ ಸಾಮ್ರಾಜ್ಯವು ಕಾಂಬೋಡಿಯ, ವಿಯೆಟ್ನಾಂ, ಲಾವೋಸುಗಳಲ್ಲಿಯೂ ಹಬ್ಬಿದಂತೆ ಬರ್ಮೀಯರು, ಶಾನರು, ಭಾರತೀಯರು, ಸಿಂಗಪುರ-ಹಾಂಗ್‌ಕಾಂಗುಗಳ ಚೀನೀಯರು, ಖ್ಮೇರರು, ಲಾವೋ ಜನರು ಎಲ್ಲರೂ ಯಾವುದಾದರೊಂದು ಕಾನ್ಸಲ್ ಕಚೇರಿಯಲ್ಲಿ ಹೆಸರನ್ನು ದಾಖಲು ಮಾಡಿಸಿ ಆಶ್ರಿತ ಪ್ರಜೆಗಳಾದರು. ಪಕ್ಕದ ಮನೆಯವನಂತೆಯೇ ಉಡುವ, ಅವನ ಭಾಷೆಯನ್ನೇ ಆಡುವ ಮನುಷ್ಯನು ಸಾಲ ತೀರಿಸದಿದ್ದಾಗ ಅಥವಾ ಹೊಡೆದಾಡಿದಾಗ ಒಂದು ಕಾಗದವನ್ನು ತೋರಿಸಿ ಸಯಾಮಿನ ನ್ಯಾಯಾಧಿಪತಿಯ ಕೈಯಿಂದ ತಪ್ಪಿಸಿಕೊಳ್ಳಬಲ್ಲವನಾದನು. ಉತ್ತರದ ಚಿಯಾಂಗ್‌ಮಾಯ್ ಸೀಮೆಯ ತೇಗದ ಕಾಡುಗಳಲ್ಲಿ ಮೌಲ್‌ಮೇನಿನ ಬ್ರಿಟಿಷ್ ಪ್ರಜೆಗಳಿಗೂ ಸ್ಥಳೀಯ ಪಾಳೆಯಗಾರರಿಗೂ ಒದಗಿದ ವ್ಯಾಜ್ಯಗಳು ಎಷ್ಟು ಬೆಳೆದುವೆಂದರೆ, ಅವುಗಳಿಗಾಗಿಯೇ ೧೮೭೪ರಲ್ಲಿ ಕಲ್ಕತ್ತದಲ್ಲಿ ಭಾರತ ಸರಕಾರದೊಡನೆ ಒಂದು ಕೌಲು ಆಗಬೇಕಾಯಿತು. ೧೮೮೩ರ ಇನ್ನೊಂದು ಕೌಲಿನಿಂದ ಚಿಯಾಂಗ್‌ಮಾಯಿಯಲ್ಲಿ 'ಅಂತರರಾಷ್ಟ್ರೀಯ ನ್ಯಾಯಸ್ಥಾನ' ಸ್ಥಾಪಿತವಾಯಿತು. ಅಲ್ಲಿ ಕುಳಿತುಕೊಳ್ಳುವವನು ಸಯಾಮಿನ ನ್ಯಾಯಾಧಿಪತಿ. ಆದರೆ ಕಾನ್ಸಲನು ಇಷ್ಟಬಂದಾಗ ಮೊಕದ್ದಮೆಯನ್ನು ತನ್ನ ಕಚೇರಿಗೆ ಎಳೆದುಕೊಳ್ಳಬಹುದು. ಈ ಹಿಂತೆಗೆತದ ಹಕ್ಕು ಮುಂದೆ ಅರ್ಧ ಶತಮಾನದವರೆಗೆ ಎಲ್ಲ ಕೌಲುಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಅಂಟಿಕೊಂಡು ಬಂದಿತು. ಬ್ಯಾಂಕಾಕಿನ ದೃಷ್ಟಿಯಿಂದ ಈ ಏರ್ಪಾಡಿನಲ್ಲಿ ಒಂದು ಲಾಭವೂ ಇದ್ದಿತು: ಅದುವರೆಗೆ ಚಿಯಾಂಗ್‌ಮಾಯಿಯ ಪಾಳೆಯಗಾರನು ನಡೆಯಿಸುತ್ತಿದ್ದ ನ್ಯಾಯವಿಚಾರಣೆಯಲ್ಲಿ ಕೇಂದ್ರದ ಅಧಿಕಾರಿಯು ಮೊದಲ ಬಾರಿಗೆ ಕಾಲಿರಿಸಿದನು.

ಕಾನ್ಸಲ್ ನ್ಯಾಯಾಧಿಕಾರವೆಂದರೆ ಏನೆಂಬುದನ್ನು ಸಯಾಮಿನ ಜನಸಾಮಾನ್ಯರಿಗೂ ತಿಳಿಯಪಡಿಸಿದ ಪ್ರಸಂಗವೊಂದು ೧೮೯೩-೯೪ರಲ್ಲಿ ನಡೆಯಿತು. ಮೆಕಾಂಗ್ ನದಿಯ ಎಡದಂಡೆಯ ಖಮ್‌ಮುವಾನ್ ಸೀಮೆಯ ಸಯಾಮಿ ಅಧಿಕಾರಿ ಫ್ರಾ ಯೋತ್ ಎಂಬವನ ಪಡೆಗೂ ಫ್ರೆಂಚರ ತಂಡಕ್ಕೂ ೧೮೯೩ರ ಜೂನ್ ತಿಂಗಳಲ್ಲಿ ಘರ್ಷಣೆಯಾಗಿ, ಗ್ರೋಸ್‌ಗೂರ್ಯಾಂ ಎಂಬ ಫ್ರೆಂಚ್ ಅಧಿಕಾರಿಯು ಸತ್ತನು. ಜುಲೈ ೧೩ರಂದು ಫ್ರೆಂಚ್ ಯುದ್ಧನೌಕೆಗಳು ಪಾಕ್‌ನಾಮಿನ ಕೋಟೆಯನ್ನು ದಾಟಿ ಬ್ಯಾಂಕಾಕಿನ ಅರಮನೆಯ ಸಮೀಪಕ್ಕೆ ಬಂದುವು. ಅಕ್ಟೋಬರಿನ ಒಪ್ಪಂದದಂತೆ ಸಯಾಮ್ ಎಡದಂಡೆಯ ಪ್ರದೇಶವನ್ನೆಲ್ಲ ಬಿಟ್ಟುಕೊಟ್ಟು, ಮೂವತ್ತು ಲಕ್ಷ ಫ್ರಾಂಕುಗಳ ದಂಡವನ್ನು ತೆತ್ತಿತು. ಫ್ರಾ ಯೋತನನ್ನು ವಿಚಾರಣೆಗೆ ಒಳಪಡಿಸಬೇಕಾಯಿತು. ಅದಕ್ಕಾಗಿ ವಿಶೇಷ ನ್ಯಾಯಸ್ಥಾನವು ರಚಿತವಾಯಿತು. ರಾಜಕುಮಾರ ಫಿಚಿತನು ಅಧ್ಯಕ್ಷನು. ಆರೋಪಿಯ ಪರವಾಗಿ ವಾದಿಸಿದವರಲ್ಲಿ ಸಿಂಹಳದಿಂದ ಬಂದು ನೆಲೆಸಿದ್ದ ತಿಲ್ಲೆಕೆ ಎಂಬ ವಕೀಲನೂ ಒಬ್ಬನು. ಸಾಕ್ಷ್ಯವನ್ನು ವಿಚಾರಿಸಿ ೧೮೯೪ರ ಮಾರ್ಚಿಯಲ್ಲಿ ಆ ನ್ಯಾಯಸ್ಥಾನವು ಆರೋಪಿಯನ್ನು ಬಿಡುಗಡೆ ಮಾಡಿತು. ಫ್ರೆಂಚರು ಒಪ್ಪಲಿಲ್ಲ. ಮೂವರು ಫ್ರೆಂಚರೂ ಇಬ್ಬರು ಸಯಾಮಿಗಳೂ ಕುಳಿತ ಮಿಶ್ರ ನ್ಯಾಯಸ್ಥಾನವು ಜೂನ್ ತಿಂಗಳಲ್ಲಿ ಅದೇ ಆರೋಪವನ್ನು ಮತ್ತೆ ವಿಚಾರಿಸಿ, ಇಪ್ಪತ್ತು ವರ್ಷಗಳ ಕಠಿಣ ಸಜೆಯನ್ನು ವಿಧಿಸಿತು. ಒಂದೇ ಆರೋಪಕ್ಕೆ ಒಬ್ಬನನ್ನು ಎರಡು ಸಲ ವಿಚಾರಿಸಬಾರದೆಂಬ ತತ್ತ್ವವನ್ನು ಯೂರೋಪಿನ ನ್ಯಾಯಗ್ರಂಥಗಳಿಂದ ಕಲಿಯುತ್ತಿದ್ದ ಸಯಾಮಿನ ಯುವಕರಿಗೆ ಇದು ಮೊದಲನೆಯ ಪಾಠವಾಯಿತೆನ್ನಬಹುದು. ಫ್ರಾ ಯೋತನು ೧೮೯೮ರಲ್ಲಿ ಬಿಡುಗಡೆ ಹೊಂದಿದನು. ಎರಡು ವರ್ಷಗಳ ತರುವಾಯ ತೀರಿಕೊಂಡನು.

ಈ ಅವಮಾನಕ್ಕಿಂತ ಒಂದು ವರ್ಷ ಮೊದಲೇ ಸುಧಾರಣೆ ಆರಂಭವಾಗಿದ್ದಿತು. ಚುಲಲಾಂಗ್‌ಕಾರ್ನ್ ಮಹಾರಾಜನು (ಸಂಸ್ಕೃತದಲ್ಲಿ ಚೂಡಾಲಂಕರಣ) ೧೮೯೨ರಲ್ಲಿ ನ್ಯಾಯಶಾಖೆಯನ್ನು ಸ್ಥಾಪಿಸಿ, ಚೆದುರಿಹೋಗಿದ್ದ ನ್ಯಾಯಸ್ಥಾನಗಳನ್ನು ಅದರ ಅಧೀನಕ್ಕೆ ತಂದನು. ಅದೇ ವರ್ಷ ಬೆಲ್ಜಿಯಮಿನ ನ್ಯಾಯವಿದ ಗುಸ್ತಾವ್ ರೋಲಾಂ-ಜಾಕ್‌ಮಿನರು ಪ್ರಧಾನ ಸಲಹೆಗಾರರಾಗಿ ನೇಮಕಗೊಂಡರು. ಆಂಗ್ಲರೂ ಅಲ್ಲದ ಫ್ರೆಂಚರೂ ಅಲ್ಲದ ಸಣ್ಣ ರಾಷ್ಟ್ರದವರನ್ನು ಆರಿಸಿದುದರಲ್ಲಿ ಅರಸನ ಜಾಣ್ಮೆ ವ್ಯಕ್ತವಾಗುತ್ತದೆ. ಅರಸನ ಮಗನಾದ ರಾಜಕುಮಾರ ರಪಿಯು ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು ಮರಳಿ, ೧೮೯೭ರಲ್ಲಿ ನ್ಯಾಯಮಂತ್ರಿಯಾದನು. ಆಗ ಅವನಿಗೆ ಇಪ್ಪತ್ತೈದು ವರ್ಷಗಳೂ ತುಂಬಿರಲಿಲ್ಲ. ಆ ವರ್ಷವೇ ಅವನು ತೆರೆದ ನ್ಯಾಯಶಾಲೆಯಲ್ಲಿ ತಾನೇ ಪಾಠ ಹೇಳಿದನು. ಹಳೆಯ ಶಾಸನಗಳನ್ನು ಟಿಪ್ಪಣಿಗಳೊಡನೆ ಅಚ್ಚು ಮಾಡಿಸಿದನು. ೧೯೨೦ರ ಆಗಸ್ಟ್ ೭ರಂದು ಪ್ಯಾರಿಸಿನಲ್ಲಿ ತೀರಿಕೊಂಡ ಅವನ ದಿನವನ್ನು ಥೈಲೆಂಡಿನ ವಕೀಲರೂ ನ್ಯಾಯಾಧಿಪತಿಗಳೂ ಇಂದಿಗೂ ಆಚರಿಸುತ್ತಾರೆ.

ಈ ದಶಕದ ಕಾರ್ಯಗಳಲ್ಲಿ ವ್ಯಾಜ್ಯಗಾರನ ದೃಷ್ಟಿಯಿಂದ ಎರಡು ಬಹು ಮುಖ್ಯವಾದುವು. ಕಳ್ಳತನದ ಸಂಶಯಕ್ಕೆ ಗುರಿಯಾದವನನ್ನು ಚಿತ್ರಹಿಂಸೆಗೊಳಪಡಿಸಿ ತಪ್ಪೊಪ್ಪಿಗೆ ಪಡೆಯುತ್ತಿದ್ದ 'ನಗರಪಾಲ ಪದ್ಧತಿ'ಯು ೧೮೯೬-೯೭ರಲ್ಲಿ ರದ್ದಾಯಿತು. ಎರಡನೆಯದಾಗಿ, ೧೮೯೬ರಲ್ಲಿ ನೇಮಕವಾದ ಪ್ರಾಂತೀಯ ನ್ಯಾಯಮಂಡಲಿಯು ಅಯುಥ್ಯಾದಿಂದ ಮೊದಲ್ಗೊಂಡು ಸೀಮೆಯಿಂದ ಸೀಮೆಗೆ ಸಂಚರಿಸಿ, ಬಾಕಿ ಬಿದ್ದ ಮೊಕದ್ದಮೆಗಳನ್ನು ತೀರಿಸಿ, ಸಂಬಳದ ನ್ಯಾಯಾಧಿಪತಿಗಳಿರುವ ನ್ಯಾಯಸ್ಥಾನಗಳನ್ನು ಸ್ಥಾಪಿಸಿತು. ಊರನ್ನುಣ್ಣುತ್ತಿದ್ದವರ ಬಾಯಿಗೆ ಬೀಗ ಬಿದ್ದುದು ಹೀಗೆ. ಕೌಲುಗಳನ್ನು ತೋರಿಸಿ, 'ಇಲ್ಲವಾದರೆ ಪರಕೀಯರು ನಮ್ಮನ್ನು ನುಂಗುವರು' ಎಂದು ಹೇಳದಿದ್ದರೆ, ರಾಜಧಾನಿಯು ಇಷ್ಟು ಶೀಘ್ರವಾಗಿ ಪ್ರಾಂತಾಧಿಪತಿಗಳ ಕೈಯಿಂದ ನ್ಯಾಯಾಧಿಕಾರವನ್ನು ಬಿಡಿಸಿಕೊಳ್ಳಬಹುದಾಗಿತ್ತೆಂದು ನನಗೆ ತೋರುವುದಿಲ್ಲ. ಪರಕೀಯರ ಷರತ್ತನ್ನು ಸಯಾಮಿನ ಅರಸರು ಬರಿಯ ಹೊರೆಯಾಗಿ ಹೊರಲಿಲ್ಲ; ಆಯುಧವಾಗಿಯೂ ಹಿಡಿದರು.

ಸಂಹಿತೆಗಳ ರಚನೆಗೆ ಜಪಾನಿನ ನಿದರ್ಶನವು ಕಣ್ಣ ಮುಂದಿದ್ದಿತು. ಜಪಾನ್ ೧೮೯೪ರ ಹೊಸ ಕೌಲಿನಿಂದ, ಸಂಹಿತೆಗಳನ್ನು ಸಿದ್ಧಪಡಿಸಿದ ತರುವಾಯ ೧೮೯೯ರಲ್ಲಿ ಕಾನ್ಸಲ್ ನ್ಯಾಯಾಧಿಕಾರದಿಂದ ಮುಕ್ತವಾಯಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಲಿತ ತೊಕಿಚಿ ಮಸಾವೋ ಎಂಬ ಜಪಾನೀ ಪಂಡಿತನು ೧೮೯೭ರಲ್ಲಿಯೇ ಸಯಾಮಿನ ಸೇವೆಗೆ ಬಂದಿದ್ದನು. ೧೯೦೫ರಲ್ಲಿ ಬಂದ ಫ್ರೆಂಚ್ ನ್ಯಾಯವಿದ ಜಾರ್ಜ್ ಪಾದೂನ ನೇತೃತ್ವದಲ್ಲಿ ದಂಡಸಂಹಿತೆಯು ಪೂರ್ಣಗೊಂಡು ೧೯೦೮ರಲ್ಲಿ ಜಾರಿಗೆ ಬಂದಿತು. ಇಟಲಿ, ಹಾಲೆಂಡ್, ಈಜಿಪ್ಟ್, ಜಪಾನುಗಳ ಸಂಹಿತೆಗಳೊಡನೆ ಮೆಕಾಲೆಯ ಭಾರತ ದಂಡಸಂಹಿತೆಯನ್ನೂ ಕರಡುಕಾರರು ಹೋಲಿಸಿ ನೋಡಿದರು. ಅದು ಸಮರ್ಥವಾದ ಕೃತಿ. ೧೯೫೬ರಲ್ಲಿ ಹೊಸ ಸಂಹಿತೆ ಬರುವವರೆಗೂ ನಡೆಯಿತು.

ಹಾಗಾದರೆ ಸಂಹಿತೆಯನ್ನು ನೋಡಿ ಪರಕೀಯರು ತೃಪ್ತರಾದರೇ? ಕಾಲಾನುಕ್ರಮವು ಬೇರೆಯ ಮಾತನ್ನು ಹೇಳುತ್ತದೆ. ೧೯೦೭ರ ಮಾರ್ಚಿಯಲ್ಲಿ, ಎಂದರೆ ದಂಡಸಂಹಿತೆಯು ಇನ್ನೂ ಹೊರಡುವ ಮೊದಲೇ, ಫ್ರಾನ್ಸು ತನ್ನ ಏಷ್ಯಾದ ಆಶ್ರಿತ ಪ್ರಜೆಗಳ ಮೇಲಣ ಅಧಿಕಾರವನ್ನು ಬಹುಮಟ್ಟಿಗೆ ಬಿಟ್ಟಿತು. ಬಟ್ಟಂಬಾಂಗ್, ಸಿಯಮ್‌ರೀಪ್, ಸಿಸೊಫೋನ್ ಪ್ರಾಂತಗಳು ಕಾಂಬೋಡಿಯಕ್ಕೆ ಸೇರಿದುದು ಅದೇ ಕೌಲಿನಲ್ಲಿ. ೧೯೦೯ರ ಮಾರ್ಚ್ ೧೦ರಂದು ಬ್ರಿಟನ್ನು ಅದೇ ರೀತಿಯಾಗಿ ಬಿಟ್ಟಿತು. ಕೇದಾ, ಪೆರ್ಲಿಸ್, ಕೆಲಾಂತನ್, ತೆರೆಂಗಾನು ಎಂಬ ನಾಲ್ಕು ಮಲಯ ರಾಜ್ಯಗಳ ಮೇಲಣ ಸಯಾಮಿನ ಹಕ್ಕು ಅವರ ಪಾಲಾಯಿತು. ನ್ಯಾಯಾಧಿಕಾರಕ್ಕೆ ತೆತ್ತ ಬೆಲೆ ನೆಲ, ಸಂಹಿತೆಯಲ್ಲ. ಸಂಹಿತೆಯು ಆ ವಿನಿಮಯವನ್ನು ಮಾತಿನಲ್ಲಿ ಸಮರ್ಥಿಸಲು ಒದಗಿದ ಕಾರಣ ಮಾತ್ರ.

೧೯೦೯ರ ಕೌಲಿನ ಷರತ್ತುಗಳು ಸೂಕ್ಷ್ಮವಾಗಿ ಓದತಕ್ಕವು. ಕೌಲಿಗಿಂತ ಮೊದಲು ದಾಖಲಾದ ಬ್ರಿಟಿಷ್ ಪ್ರಜೆಗಳು ಎಲ್ಲ ಸಂಹಿತೆಗಳೂ ಪೂರ್ಣವಾಗುವವರೆಗೆ ಅಂತರರಾಷ್ಟ್ರೀಯ ನ್ಯಾಯಸ್ಥಾನಕ್ಕೂ, ಅನಂತರ ದಾಖಲಾದವರು ಸಾಮಾನ್ಯ ಸಯಾಮಿ ನ್ಯಾಯಸ್ಥಾನಕ್ಕೂ ಒಳಪಟ್ಟರು. ಪ್ರತಿವಾದಿಯು ಬ್ರಿಟಿಷ್ ಪ್ರಜೆಯಾಗಿದ್ದರೆ ಐರೋಪ್ಯ ಸಲಹೆಗಾರನೊಬ್ಬನು ಉಪಸ್ಥಿತನಿರಬೇಕು. ಆದರೆ 'ಏಷ್ಯಾ ಮೂಲದವನಲ್ಲದ' ಬ್ರಿಟಿಷ್ ಪ್ರಜೆಯು ಪ್ರತಿವಾದಿಯಾಗಿದ್ದರೆ ಆ ಸಲಹೆಗಾರನು ನ್ಯಾಯಾಧಿಪತಿಯಾಗಿಯೇ ಕುಳಿತು, ಅವನ ಅಭಿಪ್ರಾಯವೇ ತೀರ್ಪಾಗತಕ್ಕದ್ದು. ಐವತ್ತು ವರ್ಷಗಳಿಂದ ಸಯಾಮಿನ ನ್ಯಾಯವು ಸಾಲದೆಂದು ವಾದಿಸುತ್ತ ಬಂದ ಬ್ರಿಟನ್ನು, ಅದೇ ನ್ಯಾಯವು ತನ್ನ ಭಾರತೀಯ ಮತ್ತು ಬರ್ಮೀ ಪ್ರಜೆಗಳಿಗೆ ಸಾಕೆಂದೂ ಬಿಳಿಯರಿಗೆ ಮಾತ್ರ ಸಾಲದೆಂದೂ ಒಂದೇ ಕಾಗದದಲ್ಲಿ ಬರೆಯಿತು. ಪ್ರಶ್ನೆಯು ನ್ಯಾಯದ ಗುಣಕ್ಕೆ ಸಂಬಂಧಿಸಿದ್ದೇ ಆಗಿದ್ದರೆ ಈ ಭೇದಕ್ಕೆ ಅವಕಾಶವೆಲ್ಲಿ?

ಉಳಿದ ಮೆಟ್ಟಿಲುಗಳನ್ನು ಬೇಗನೆ ದಾಟಬಹುದು. ೧೯೧೭ರ ಜುಲೈಯಲ್ಲಿ ಸಯಾಮ್ ಮಿತ್ರರಾಷ್ಟ್ರಗಳ ಪಕ್ಷವನ್ನು ಸೇರಿದೊಡನೆಯೇ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಗಳ ಹಕ್ಕುಗಳು ಅಳಿದುವು. ೧೯೨೦ರಲ್ಲಿ ಅಮೆರಿಕವು ನೆಲವನ್ನಾಗಲಿ ಹಣವನ್ನಾಗಲಿ ಕೇಳದೆ ತನ್ನ ಹಕ್ಕನ್ನು ಬಿಟ್ಟಿತು. ಸಂಹಿತೆಗಳೆಲ್ಲ ಹೊರಟು ಐದು ವರ್ಷ ತುಂಬುವವರೆಗೆ ಹಿಂತೆಗೆತದ ಹಕ್ಕನ್ನು ಮಾತ್ರ ಉಳಿಸಿಕೊಂಡಿತು. ಹಾರ್ವರ್ಡಿನ ಪ್ರಾಧ್ಯಾಪಕ, ಅಧ್ಯಕ್ಷ ವಿಲ್ಸನ್ನರ ಅಳಿಯ ಫ್ರಾನ್ಸಿಸ್ ಸೇಯರರು ಸಯಾಮಿನ ಪ್ರತಿನಿಧಿಯಾಗಿ ಯೂರೋಪಿನ ರಾಜಧಾನಿಗಳನ್ನು ಸುತ್ತಿ, ೧೯೨೫ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನುಗಳನ್ನೂ ಅವುಗಳ ಹಿಂದೆ ಇತರರನ್ನೂ ಇದೇ ಮಾದರಿಗೆ ಒಪ್ಪಿಸಿದರು. ಆಗಲೂ ಸಂಹಿತೆಗಳು ಅಪೂರ್ಣವಾಗಿದ್ದುವೆಂಬುದು ಸ್ಮರಣೀಯ.

ನಾಗರಿಕ ಮತ್ತು ವಾಣಿಜ್ಯ ಸಂಹಿತೆಯ ಕಥೆಯು ತೊಡಕಿನದು. ಕರಡು ಮಾಡುತ್ತಿದ್ದ ಮಂಡಲಿಯಲ್ಲಿ ಫ್ರೆಂಚರೇ ಪ್ರಬಲರು. ರಾಜಕುಮಾರ ರಪಿಯ ಶಾಲೆಯಿಂದಲೂ ಲಂಡನ್ನಿನಿಂದಲೂ ಬಂದ ನ್ಯಾಯಾಧಿಪತಿಗಳು ಆಂಗ್ಲ ನ್ಯಾಯದಲ್ಲಿ ಪಳಗಿದವರು. ೧೯೨೩ರಲ್ಲಿ ಹೊರಟ ಮೊದಲ ಎರಡು ಭಾಗಗಳು ಇವರಿಗೆ ದುರ್ಬೋಧವಾದುವು. ಎರಡೇ ವರ್ಷಗಳಲ್ಲಿ ಅವನ್ನು ರದ್ದುಪಡಿಸಿ, ಜರ್ಮನ್ ಮಾದರಿಯನ್ನು ಅನುಸರಿಸಿದ್ದ ಜಪಾನೀ ಸಂಹಿತೆಯ ಆಧಾರದಿಂದ ಹೊಸದಾಗಿ ಬರೆದು ೧೯೨೫ರಲ್ಲಿ ಪ್ರಕಟಿಸಲಾಯಿತು. ಆ ಕಾರ್ಯದಲ್ಲಿ ಫ್ರಾಯಾ ಮಾನವರಾಜಸೇವಿ ಎಂಬ ಸಯಾಮಿ ನ್ಯಾಯವಿದನು ಪ್ರಮುಖನಾಗಿದ್ದನು. ಆಸ್ತಿಯ ಭಾಗವು ೧೯೩೦ರಲ್ಲಿ ಹೊರಟಿತು. ಬಲು ದೀರ್ಘಕಾಲ ನಿಂತುಹೋದುದು ಐದನೆಯ ಭಾಗ, ಕುಟುಂಬದ ವಿಷಯ. ಒಬ್ಬನಿಗೆ ಒಬ್ಬಳೇ ಪತ್ನಿಯೆಂದು ಬರೆಯದಿದ್ದರೆ ಯೂರೋಪು ನಗುವುದು. ಬರೆದರೆ ಅರಮನೆಯಿಂದ ಹಿಡಿದು ಕುಲೀನರ ಮನೆಗಳವರೆಗೆ ಎಲ್ಲರ ಬಾಳೂ ಕಾನೂನಿಗೆ ಹೊರಗಾಗುವುದು. ಚುಲಲಾಂಗ್‌ಕಾರ್ನನಿಗಿದ್ದ ಪತ್ನಿಯರು ಅನೇಕರೆಂಬುದು ಪ್ರಸಿದ್ಧ. ೧೯೩೨ರ ಜೂನ್ ೨೪ರಂದು ನಿರಂಕುಶ ರಾಜಪ್ರಭುತ್ವವು ಅಂತ್ಯಗೊಂಡ ತರುವಾಯ, ೧೯೩೫ರಲ್ಲಿ ಮಾತ್ರ ನೋಂದಾಯಿತವಾದ ಏಕಪತ್ನೀವಿವಾಹವನ್ನು ವಿಧಿಸುವ ಆ ಭಾಗವು ಪ್ರಕಟವಾಯಿತು. ಅದರೊಡನೆ ವಾರಸಿನ ಭಾಗವೂ ಪ್ರಕ್ರಿಯಾಸಂಹಿತೆಗಳೂ ಪೂರ್ಣಗೊಂಡುವು. ತ್ರಿಮುದ್ರಾ ಶಾಸನದಲ್ಲಿ ಗ್ರಾಹ್ಯಳಾಗಿದ್ದ ಕಿರಿಯ ಹೆಂಡತಿಯು ಹೊಸ ಸಂಹಿತೆಯಲ್ಲಿ ಹೆಂಡತಿಯೇ ಅಲ್ಲವಾದಳು. ಅವಳನ್ನು ಇಟ್ಟುಕೊಳ್ಳುವ ರೂಢಿಯು ಮಾತ್ರ ಸಂಹಿತೆಯೊಡನೆ ಹೋಗಲಿಲ್ಲ. ೧೯೩೭-೩೮ರಲ್ಲಿ, ವಿದೇಶಾಂಗ ಮಂತ್ರಿಯಾಗಿದ್ದ ಪ್ರೀದಿ ಫನೋಮ್ಯೋಂಗರ ಕಾಲದಲ್ಲಿ, ಹೊಸ ಕೌಲುಗಳಾಗಿ ಕಾನ್ಸಲನ ಕೊನೆಯ ಹಕ್ಕೂ ಅಳಿಯಿತು. ಒಪ್ಪಿಕೊಂಡ ಐದು ವರ್ಷಗಳ ಗಡುವು ಇನ್ನೂ ತುಂಬಿರಲಿಲ್ಲ.

ಸಾರ್ವಭೌಮತ್ವವು ಹೀಗೆ ಮರಳಿದ ಮೇಲೆ ಸಂಹಿತೆಯು ಎಲ್ಲಿಗೆ ತಿರುಗಿತೆಂಬುದನ್ನು ಸಾಮಾನ್ಯವಾಗಿ ಈ ಚರಿತ್ರೆಯಲ್ಲಿ ಸೇರಿಸುವುದಿಲ್ಲ. ಸೇರಿಸದೆ ಬಿಟ್ಟರೆ ಚರಿತ್ರೆಯು ಅಪೂರ್ಣವಾಗುತ್ತದೆ. ೧೯೦೯ರ ಗಡಿಯು ಮಲಯ ದೇಶವನ್ನು ಸೀಳಿದಾಗ ಪಟ್ಟಾನಿಯೂ ಅದರ ಸುತ್ತಣ ಸೀಮೆಗಳೂ ಸಯಾಮಿನಲ್ಲಿ ಉಳಿದುವು. ಅಲ್ಲಿನ ಮಲಯ ಮುಸಲ್ಮಾನರಿಗೆ ವಿವಾಹ ಮತ್ತು ವಾರಸುಗಳಲ್ಲಿ ಇಸ್ಲಾಮೀ ನ್ಯಾಯವೇ ಅನ್ವಯಿಸತಕ್ಕದ್ದೆಂದೂ ಅದನ್ನು ಕಾಜಿಯು ನಿರ್ಣಯಿಸತಕ್ಕದ್ದೆಂದೂ ೧೯೦೧ರ ಆಡಳಿತ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು. ಪಟ್ಟಾನಿಯ ರಾಜನನ್ನು ಮರುವರ್ಷವೇ ಪದಚ್ಯುತಗೊಳಿಸಿದ ಬ್ಯಾಂಕಾಕು ಈ ಒಂದು ವಿನಾಯಿತಿಯನ್ನು ನಾಲ್ಕು ದಶಕಗಳವರೆಗೆ ಗೌರವಿಸಿತು. ಆದರೆ ಫಿಬುನ್ ಸೊಂಗ್‌ಕ್ರಾಮನ ಸರಕಾರವು ಒಂದೇ ರಾಷ್ಟ್ರ, ಒಂದೇ ಸಂಸ್ಕೃತಿಯೆಂಬ ಧ್ಯೇಯವನ್ನು ಸಾರಿ, ೧೯೪೩ರಲ್ಲಿ ಅದನ್ನು ರದ್ದುಪಡಿಸಿತು. ಅಲ್ಲಿಯೂ ಸಂಹಿತೆಯ ಐದನೆಯ ಮತ್ತು ಆರನೆಯ ಭಾಗಗಳೇ ಜಾರಿಗೆ ಬಂದುವು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಒಂದೇ ನೆಲದಲ್ಲಿ ಕೆಲವರಿಗೆ ಬೇರೆಯ ಕಾನೂನೆಂಬುದೇ ಕಾನ್ಸಲ್ ನ್ಯಾಯಾಧಿಕಾರದ ದೋಷವಲ್ಲವೇ, ಅದನ್ನು ಕಿತ್ತೊಗೆದವರು ಇದನ್ನೂ ಕೀಳುವುದು ಸಹಜವಲ್ಲವೇ ಎಂದು ಕೇಳಬಹುದು. ಕಾನ್ಸಲನ ಆಶ್ರಿತನು ನೆರೆಯವನಿಗೆ ಸಲ್ಲಬೇಕಾದುದರಿಂದ ತಪ್ಪಿಸಿಕೊಳ್ಳಲು ಪರರಾಷ್ಟ್ರದ ಬಲವನ್ನು ಆಶ್ರಯಿಸಿದವನು. ಪಟ್ಟಾನಿಯ ವಿಧವೆಯು ತನ್ನ ಗಂಡನ ಆಸ್ತಿಯನ್ನು ತನ್ನವರೇ ಒಪ್ಪಿದ ಕ್ರಮದಿಂದ ಹಂಚಬೇಕೆಂದು ಕೇಳಿದವಳು. ಅವಳ ಹಿಂದೆ ಯಾವ ಯುದ್ಧನೌಕೆಯೂ ಇರಲಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದುದು ನ್ಯಾಯಶಾಸ್ತ್ರದ ತಪ್ಪಲ್ಲ, ರಾಜನೀತಿಯ ತಪ್ಪು. ಅದರ ಫಲವು ಬೇಗನೆ ಕಾಣಿಸಿತು. ಸಯಾಮಿನ ನ್ಯಾಯಸ್ಥಾನಕ್ಕೆ ಹೋಗಲೊಲ್ಲದೆ ಜನರು ತಮ್ಮ ವ್ಯಾಜ್ಯಗಳನ್ನು ಧರ್ಮಗುರುಗಳ ಮನೆಯಂಗಳದಲ್ಲಿ ತೀರಿಸಿಕೊಳ್ಳತೊಡಗಿದರು.

ಯುದ್ಧವು ಮುಗಿದು ಫಿಬುನನ ಸರಕಾರವು ಹೋದ ತರುವಾಯ ೧೯೪೬ರ ಶಾಸನವೊಂದು ಪಟ್ಟಾನಿ, ನರಾಥಿವಾತ್, ಯಾಲಾ, ಸತೂನ್ ಎಂಬ ನಾಲ್ಕು ಪ್ರಾಂತಗಳಿಗೆ ಇಸ್ಲಾಮೀ ಕುಟುಂಬನ್ಯಾಯವನ್ನು ಹಿಂದಿರುಗಿಸಿತು. ಆದರೆ ಬೇರೆಯ ನ್ಯಾಯಸ್ಥಾನವನ್ನು ಕೊಡಲಿಲ್ಲ. ಹಾಜಿ ಸುಲೋಂಗ್ ಎಂಬ ಧರ್ಮಗುರುವು ೧೯೪೭ರಲ್ಲಿ ಸರಕಾರದ ಮುಂದಿಟ್ಟ ಏಳು ಬೇಡಿಕೆಗಳಲ್ಲಿ ಅದೂ ಒಂದಾಗಿದ್ದಿತು. ಮರುವರ್ಷ ಅವನು ಸೆರೆಯಾದನು. ಬಿಡುಗಡೆ ಹೊಂದಿದ ಮೇಲೆ ೧೯೫೪ರಲ್ಲಿ ಕಾಣೆಯಾದನು. ೧೯೪೬ರ ಆ ಶಾಸನದಂತೆ ಈ ನಾಲ್ಕು ಪ್ರಾಂತಗಳ ನ್ಯಾಯಸ್ಥಾನಗಳಲ್ಲಿ ಸರಕಾರದ ನ್ಯಾಯಾಧಿಪತಿಯ ಪಕ್ಕದಲ್ಲಿ 'ದಾತೋ ಯುತ್ತಿಥಾಮ್' ಎಂಬ ಇಸ್ಲಾಮೀ ನ್ಯಾಯಜ್ಞನು ಕುಳಿತು ವಿವಾಹ ಮತ್ತು ವಾರಸುಗಳ ಪ್ರಶ್ನೆಯನ್ನು ನಿರ್ಣಯಿಸುತ್ತಾನೆ. ಆ ಬಿರುದಿನ ಮೊದಲ ಶಬ್ದವು ಮಲಯ ಭಾಷೆಯದು. ಎರಡನೆಯದರ ಮೂಲ ಸಂಸ್ಕೃತದ ಯುಕ್ತಿ ಮತ್ತು ಧರ್ಮ.